ವಿಮಾನ ರದ್ದಾಯ್ತಾ? ಮೊದಲು ಕ್ಯಾನ್ಸಲ್ ಬಟನ್ ಒತ್ತಬೇಡಿ

ವಿಮಾನ ರದ್ದಾಗಿದೆ ಅಂತ ಮೆಸೇಜ್ ಬಂದ ಕೂಡಲೇ ಎಷ್ಟೋ ಜನ ಮಾಡುವ ಕೆಲಸ ಒಂದೇ. ಟಿಕೆಟ್ ತೆಗೆದ ಆ್ಯಪ್ ತೆರೆದು, ಕ್ಯಾನ್ಸಲ್ ಒತ್ತಿ, ದುಡ್ಡು ಬರಲಿ ಅಂತ ಕಾಯುವುದು. ತೊಂದರೆ ಶುರುವಾಗುವುದೇ ಅಲ್ಲಿ. ನೀವಾಗಿಯೇ ಕ್ಯಾನ್ಸಲ್ ಮಾಡಿದರೆ, ಪ್ರಯಾಣ ಬೇಡ ಅಂದವರು ನೀವೇ ಎಂದು ದಾಖಲಾಗಬಹುದು. ಆಗ ಕ್ಯಾನ್ಸಲೇಷನ್ ಚಾರ್ಜ್ ಮುರಿದುಕೊಳ್ಳುತ್ತಾರೆ. ಪರಿಹಾರ ಕೇಳುವ ದಾರಿಯೂ ಮುಚ್ಚುತ್ತದೆ. ರದ್ದು ಮಾಡಿದ್ದು ವಿಮಾನ ಸಂಸ್ಥೆ. ಆ ದಾಖಲೆ ಅವರ ಹೆಸರಿನಲ್ಲೇ ಇರಬೇಕು.

2025ರ ಡಿಸೆಂಬರ್ ಮೊದಲ ವಾರ ನೆನಪಿದೆ ಅಲ್ವಾ? ಇಂಡಿಗೋ ವಿಮಾನಗಳು ಸಾಲು ಸಾಲಾಗಿ ರದ್ದಾದವು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಜಾಸ್ತಿ ವಿಮಾನಗಳು ಹಾರಲಿಲ್ಲ. ಪೈಲಟ್‌ಗಳ ಕೆಲಸದ ಅವಧಿ ಮತ್ತು ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕ ತಯಾರಿ ಇಲ್ಲದೇ ಹೋದದ್ದು ಅದಕ್ಕೆ ಮುಖ್ಯ ಕಾರಣ. ಬೆಂಗಳೂರು ನಿಲ್ದಾಣದಲ್ಲೂ ಜನ ಬ್ಯಾಗ್‌ಗಳ ಮಧ್ಯೆಯೇ ಕೂತು ಕಾದರು. ಉಳಿದ ಸಂಸ್ಥೆಗಳ ಟಿಕೆಟ್ ದರ ಏರಿದ ವೇಗ ನೋಡಿ, ಸರ್ಕಾರ ಕೆಲ ಕಾಲ ದರಕ್ಕೆ ಮಿತಿ ಹಾಕಬೇಕಾಯಿತು. 500 ಕಿಲೋಮೀಟರ್‌ವರೆಗೆ 7,500 ರೂಪಾಯಿ, 1,500 ಕಿಲೋಮೀಟರ್ ದಾಟಿದರೆ 18,000. ಅಂಥ ಗಲಾಟೆಯ ದಿನ ನಿಯಮ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಸಿಗುವುದರಲ್ಲಿ ವ್ಯತ್ಯಾಸವಿರುತ್ತದೆ. ಹಾಗಾಗಬಾರದು ಅನ್ನುವುದೇ ಈ ಬರಹದ ಉದ್ದೇಶ.

ಮೆಸೇಜ್ ಬಂದ ಮೇಲಿನ ಮೊದಲ ಹತ್ತು ನಿಮಿಷ

ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆಯಿರಿ. ಅದು ಬಂದ ದಿನ, ಗಂಟೆ ಎರಡೂ ಕಾಣಬೇಕು. ನಿಮಗೆ ಪರಿಹಾರ ಸಿಗುತ್ತದೋ ಇಲ್ಲವೋ ಅನ್ನುವುದು ಆ ಗಂಟೆಯ ಮೇಲೆಯೇ ನಿಂತಿದೆ. ಇ-ಮೇಲ್ ಬಂದಿದ್ದರೆ ಅದನ್ನು ಡಿಲೀಟ್ ಮಾಡಬೇಡಿ.

ಆಮೇಲೆ ವಿಮಾನ ಸಂಸ್ಥೆಯ ಸ್ವಂತ ವೆಬ್‌ಸೈಟಿಗೆ ಹೋಗಿ, ಪಿಎನ್‌ಆರ್ ಹಾಕಿ ಪರೀಕ್ಷಿಸಿ. ಮೆಸೇಜಿನಲ್ಲಿರುವ ಲಿಂಕ್ ಒತ್ತುವ ಬದಲು ವಿಳಾಸವನ್ನು ನೀವೇ ಟೈಪ್ ಮಾಡಿ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಲೇಬೇಡಿ. ವಿಮಾನಗಳು ರದ್ದಾದ ದಿನಗಳಲ್ಲೇ ನಕಲಿ ನಂಬರ್‌ನವರಿಗೆ ಸುಗ್ಗಿ. ರೀಫಂಡ್ ಕೊಡ್ತೀವಿ, ಈ ಆ್ಯಪ್ ಇನ್‌ಸ್ಟಾಲ್ ಮಾಡಿ, ಯುಪಿಐ ಪಿನ್ ಹಾಕಿ ಅಂತಾರೆ. ದುಡ್ಡು ಪಡೆಯುವುದಕ್ಕೆ ಪಿನ್ ಬೇಕಾಗಿಲ್ಲ. ಕೇಳಿದರೆ ಫೋನ್ ಇಟ್ಟುಬಿಡಿ. ಎಕ್ಸ್‌ನಲ್ಲಿ ನೀವು ದೂರು ಬರೆದ ಕೂಡಲೇ ಸಂಸ್ಥೆಯ ಲೋಗೊ ಇಟ್ಟುಕೊಂಡು ಉತ್ತರ ಕೊಡುವ ಖಾತೆಗಳ ವಿಷಯದಲ್ಲೂ ಇಷ್ಟೇ ಎಚ್ಚರ ಬೇಕು.

ಸಂಸ್ಥೆಯ ವೆಬ್‌ಸೈಟಿನಲ್ಲಿ ಸಾಮಾನ್ಯವಾಗಿ ಎರಡು ಆಯ್ಕೆ ಕಾಣುತ್ತವೆ: ಬೇರೆ ವಿಮಾನ, ಇಲ್ಲವೇ ರೀಫಂಡ್. ಇಂಡಿಗೋ ಇದಕ್ಕೆ ಪ್ಲಾನ್ ಬಿ ಅಂತ ಹೆಸರಿಟ್ಟಿದೆ. ಎರಡರಲ್ಲಿ ಯಾವುದನ್ನೂ ಇನ್ನೂ ಒತ್ತಬೇಡಿ. ಮುಂದಿನ ಭಾಗ ಓದಿ, ಆಮೇಲೆ ಒತ್ತಿ.

ಎಷ್ಟು ಮೊದಲು ತಿಳಿಸಿದರು ಅನ್ನುವುದೇ ಮುಖ್ಯ

ನಮ್ಮ ದೇಶದಲ್ಲಿ ಇದರ ನಿಯಮ ಮಾಡಿರುವುದು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಕೌಂಟರ್‌ನಲ್ಲಿ ಯಾರಾದರೂ 'ಅಂಥ ನಿಯಮವೇ ಇಲ್ಲ ಸರ್' ಅಂದರೆ ಹೇಳಲು ಹೆಸರು ಗೊತ್ತಿರಲಿ: ಸಿವಿಲ್ ಏವಿಯೇಷನ್ ರಿಕ್ವೈರ್‌ಮೆಂಟ್ಸ್, ಸೆಕ್ಷನ್ 3, ಸೀರೀಸ್ ಎಂ, ಪಾರ್ಟ್ 4. ಡಿಜಿಸಿಎ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ಇಳಿಸಿಕೊಂಡು ಮೊಬೈಲಿನಲ್ಲಿಟ್ಟುಕೊಳ್ಳಿ.

ಹೊರಡುವುದಕ್ಕೆ ಎರಡು ವಾರಕ್ಕೂ ಮೊದಲೇ ತಿಳಿಸಿದ್ದರೆ, ನಿಮಗೆ ಒಪ್ಪುವ ಬೇರೆ ವಿಮಾನ ಕೊಡಬೇಕು, ಇಲ್ಲವೇ ರೀಫಂಡ್ ಕೊಡಬೇಕು. ಎರಡು ವಾರದೊಳಗೆ, ಆದರೆ ಹೊರಡುವ 24 ಗಂಟೆಗೆ ಮೊದಲು ತಿಳಿಸಿದ್ದರೂ ಇಷ್ಟೇ. ಎರಡೂ ಸಂದರ್ಭದಲ್ಲಿ ಆಯ್ಕೆ ನಿಮ್ಮದು. ಹೆಚ್ಚುವರಿ ಪರಿಹಾರ ಇಲ್ಲ.

24 ಗಂಟೆಯೊಳಗೆ ತಿಳಿಸಿದರೆ, ಅಥವಾ ತಿಳಿಸದೆಯೇ ರದ್ದು ಮಾಡಿದರೆ, ಲೆಕ್ಕ ಬದಲಾಗುತ್ತದೆ. ನಿಮಗೆ ಒಪ್ಪುವ ಬೇರೆ ವಿಮಾನ ಕೊಡಬೇಕು. ಇಲ್ಲವೇ ಟಿಕೆಟಿನ ಪೂರ್ತಿ ಹಣ ವಾಪಸ್ ಕೊಟ್ಟು, ಅದರ ಮೇಲೆ ಪರಿಹಾರವನ್ನೂ ಕೊಡಬೇಕು. ಒಂದೇ ಟಿಕೆಟಿನಲ್ಲಿರುವ ಮುಂದಿನ ವಿಮಾನ ಇದರಿಂದ ತಪ್ಪಿದರೂ ಇದೇ ನಿಯಮ.

ಪರಿಹಾರದ ಮೊತ್ತ ಹಾರಾಟದ ಅವಧಿಯ ಮೇಲೆ ನಿಂತಿದೆ. ಒಂದು ಗಂಟೆವರೆಗಿನ ಹಾರಾಟಕ್ಕೆ 5,000 ರೂಪಾಯಿ. ಒಂದರಿಂದ ಎರಡು ಗಂಟೆಗೆ 7,500. ಎರಡು ಗಂಟೆ ದಾಟಿದರೆ 10,000. ಆದರೆ ಇದಕ್ಕೊಂದು ಬಾಲವಿದೆ. ಈ ಮೊತ್ತ ಅಥವಾ ನಿಮ್ಮ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಪತ್ರಿಕೆಗಳ ತಲೆಬರಹದಲ್ಲಿ ಹತ್ತು ಸಾವಿರ ಅಂತಷ್ಟೇ ಬರುತ್ತದೆ. ಜನ ಅದನ್ನೇ ನಂಬಿ ಆಮೇಲೆ ಬೇಜಾರಾಗುತ್ತಾರೆ.

ಒಂದು ಲೆಕ್ಕ ಮಾಡಿ ನೋಡೋಣ. ಬೆಂಗಳೂರಿನಿಂದ ದೆಹಲಿಗೆ 6,300 ರೂಪಾಯಿಯ ಟಿಕೆಟ್ ಅಂತಿಟ್ಟುಕೊಳ್ಳಿ. ಅದರಲ್ಲಿ ಮೂಲ ದರ 4,500, ಇಂಧನ ಶುಲ್ಕ 600. ಉಳಿದದ್ದು ಜಿಎಸ್‌ಟಿ, ನಿಲ್ದಾಣದ ಶುಲ್ಕ ಇತ್ಯಾದಿ. ಹಾರಾಟ ಎರಡು ಗಂಟೆ ದಾಟುತ್ತದೆ, ಆದ್ದರಿಂದ ಮಿತಿ 10,000. ಆದರೆ ಮೂಲ ದರ ಮತ್ತು ಇಂಧನ ಸೇರಿದರೆ 5,100. ಅದೇ ಕಡಿಮೆ. ನಿಮಗೆ ಬರಬೇಕಾದದ್ದು 6,300 ರೀಫಂಡ್, ಮೇಲೆ 5,100 ಪರಿಹಾರ, ಒಟ್ಟು 11,400. ಈ ಬಿಡಿ ಬಿಡಿ ಮೊತ್ತಗಳು ನಿಮ್ಮ ಟಿಕೆಟಿನ ಇನ್‌ವಾಯ್ಸ್‌ನಲ್ಲಿ ಇರುತ್ತವೆ. ಕೇಳುವ ಮುಂಚೆ ಲೆಕ್ಕ ಹಾಕಿಟ್ಟುಕೊಂಡರೆ ಮಾತಿಗೆ ತೂಕ ಬರುತ್ತದೆ.

ಪರಿಹಾರ ಸಿಗದ ಸಂದರ್ಭಗಳೂ ಇವೆ. ಮಂಜು, ಬಿರುಗಾಳಿಯಂಥ ಹವಾಮಾನ, ನೆರೆ, ಗಲಭೆ, ಮುಷ್ಕರ, ಭದ್ರತೆಯ ಆತಂಕ, ಸರ್ಕಾರದ ಆದೇಶ, ವಿಮಾನ ಸಂಚಾರ ನಿಯಂತ್ರಣದ ಅಡಚಣೆ ಹೀಗೆ ಸಂಸ್ಥೆಯ ಕೈಮೀರಿದ ಕಾರಣಕ್ಕೆ ರದ್ದಾದರೆ ಪರಿಹಾರ ಕೊಡಬೇಕಾಗಿಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಮಂಜಿಗೆ ದೇವನಹಳ್ಳಿಯಲ್ಲಿ ಏನೂ ಸಿಗುವುದಿಲ್ಲ. ಮಳೆಗಾಲದ ಮಂಗಳೂರಿಗೂ ಅದೇ ಮಾತು. ಆದರೆ ಮಂಜೇ ಕಾರಣವಾದರೂ ರೀಫಂಡ್ ಅಥವಾ ಬೇರೆ ವಿಮಾನದ ಹಕ್ಕು ಹೋಗುವುದಿಲ್ಲ. ಹೋಗುವುದು ಪರಿಹಾರ ಮಾತ್ರ. ಇದನ್ನು ಬೆರೆಸಿ ಮಾತಾಡುವ ಸಿಬ್ಬಂದಿ ಇರುತ್ತಾರೆ.

'ಆಪರೇಷನಲ್ ರೀಸನ್' ಅನ್ನುವ ಎರಡು ಪದದ ಉತ್ತರಕ್ಕೆ ಸುಮ್ಮನಾಗಬೇಡಿ. ರದ್ದಾದ ಕಾರಣವನ್ನು ಬರಹದಲ್ಲಿ ಕೊಡಿ ಅಂತ ಕೇಳಿ. ಸಿಬ್ಬಂದಿ ಕೊರತೆಯನ್ನೂ ತಾಂತ್ರಿಕ ದೋಷವನ್ನೂ ಹವಾಮಾನದ ಲೆಕ್ಕಕ್ಕೆ ಸೇರಿಸಲು ಆಗುವುದಿಲ್ಲ. ಬರೆದು ಕೊಟ್ಟ ಕಾರಣ ಮುಂದೆ ದೂರಿಗೆ ಆಧಾರವಾಗುತ್ತದೆ.

ಬೇರೆ ವಿಮಾನವಾ, ರೀಫಂಡಾ?

ಅವಸರದಲ್ಲಿ ತಪ್ಪುವುದು ಇಲ್ಲೇ ಜಾಸ್ತಿ. ನಿಯಮ ಹೇಳುವುದು ಬೇರೆ ವಿಮಾನ ಅಥವಾ ರೀಫಂಡ್ ಜೊತೆ ಪರಿಹಾರ ಅಂತ. ಬೇರೆ ವಿಮಾನ ಒಪ್ಪಿಕೊಂಡ ಮೇಲೆ ಪರಿಹಾರ ಕೇಳುವುದು ಕಷ್ಟ. ಹಾಗಂತ ಪರಿಹಾರದ ಆಸೆಗೆ ರೀಫಂಡ್ ಒತ್ತಿ, ಕೊನೇ ಗಳಿಗೆಯ ಟಿಕೆಟಿಗೆ ಹದಿನೈದು ಸಾವಿರ ಕೊಟ್ಟರೆ ಏನು ಲಾಭ? ಆದ್ದರಿಂದ ಮೊದಲು ದರ ನೋಡಿ. ಬೇರೆ ಸಂಸ್ಥೆಗಳಲ್ಲಿ ಅದೇ ದಿನದ ಟಿಕೆಟ್ ಎಷ್ಟಿದೆ? ರೀಫಂಡ್ ಮತ್ತು ಪರಿಹಾರ ಎರಡೂ ಸೇರಿದರೆ ಅದು ಸಿಗುತ್ತದಾ? ರೀಫಂಡ್ ಬರುವವರೆಗೆ ಹೊಸ ಟಿಕೆಟಿಗೆ ಕೈಯಿಂದ ಹಾಕಲು ದುಡ್ಡಿದೆಯಾ? ಇಷ್ಟು ನೋಡಿ ತೀರ್ಮಾನಿಸಿ.

ನನ್ನ ಅಭಿಪ್ರಾಯ ಇಷ್ಟು. ಹೋಗಲೇಬೇಕಾದ ಪ್ರಯಾಣವಾಗಿದ್ದರೆ, ಅಂದರೆ ಮದುವೆ, ಪರೀಕ್ಷೆ, ಆಸ್ಪತ್ರೆ ಕೆಲಸ ಅಂತಿದ್ದರೆ, ಬೇರೆ ವಿಮಾನ ಕೇಳಿ. ಒಂದು ದಿನ ಆಚೀಚೆ ಆದರೆ ನಡೆಯುತ್ತದೆ, ರೈಲಿಗೂ ಹೋಗಬಹುದು ಅನ್ನುವಂತಿದ್ದರೆ ರೀಫಂಡ್ ಮತ್ತು ಪರಿಹಾರ ಕೇಳಿ. ಬೆಂಗಳೂರು–ಬೆಳಗಾವಿ, ಬೆಂಗಳೂರು–ಧಾರವಾಡ, ಬೆಂಗಳೂರು–ಕಲಬುರಗಿ ನಡುವೆ ಈಗ ವಂದೇ ಭಾರತ್ ಇದೆ. ನಾಳೆಯ ರೈಲಿಗೆ ತತ್ಕಾಲ್ ಬೇಕಿದ್ದರೆ ಎಸಿಗೆ ಇವತ್ತು ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ ಬುಕಿಂಗ್ ತೆರೆಯುತ್ತದೆ.

ಬೇರೆ ವಿಮಾನ ಕೇಳುವಾಗ ಅವರು ತೋರಿಸಿದ್ದನ್ನೇ ಒಪ್ಪಬೇಕಾಗಿಲ್ಲ. ನಿಯಮದಲ್ಲಿರುವ ಮಾತೇ 'ಪ್ರಯಾಣಿಕರಿಗೆ ಒಪ್ಪಿಗೆಯಾಗುವ' ವಿಮಾನ ಅಂತ. ಬೆಳಗಿನ ವಿಮಾನ ರದ್ದು ಮಾಡಿ ರಾತ್ರಿಯದ್ದು ಕೊಟ್ಟರೆ ಬೇಡ ಅನ್ನಬಹುದು. ಯಾವುದು ಬೇಕು ಅಂತ ನೀವೇ ಹುಡುಕಿಕೊಂಡು, ಫ್ಲೈಟ್ ನಂಬರ್ ಸಮೇತ ಕೇಳಿ. ಸಾವಿರ ಜನ ನಿಂತಿರುವ ಕೌಂಟರಿನಲ್ಲಿ 'ಏನಾದರೂ ಮಾಡಿ ಮೇಡಂ' ಅನ್ನುವುದಕ್ಕಿಂತ 'ಸಂಜೆ ನಾಲ್ಕರ ಈ ವಿಮಾನದಲ್ಲಿ ಎರಡು ಸೀಟು ಕಾಣ್ತಿದೆ, ಅದಕ್ಕೆ ಹಾಕಿ' ಅಂದರೆ ಕೆಲಸ ಬೇಗ ಆಗುತ್ತದೆ.

ಅಕ್ಕಪಕ್ಕದ ನಿಲ್ದಾಣಗಳನ್ನೂ ನೋಡಿ. ಹುಬ್ಬಳ್ಳಿ ವಿಮಾನ ರದ್ದಾದರೆ ಬೆಳಗಾವಿ ಇದೆ. ಮಂಗಳೂರಿನವರಿಗೆ ಕಣ್ಣೂರು, ಕಾರವಾರದ ಕಡೆಯವರಿಗೆ ಗೋವಾದ ದಾಬೋಲಿಂ ಮತ್ತು ಮೋಪಾ, ಕಲಬುರಗಿಯವರಿಗೆ ಹೈದರಾಬಾದ್. ಅಲ್ಲಿಗೆ ಬದಲಿಸಿಕೊಡಿ ಅಂತ ಕೇಳಬಹುದು. ಬೇರೆ ಸಂಸ್ಥೆಯ ವಿಮಾನದಲ್ಲಿ ಸೀಟು ಕೊಡಿ ಅಂತಲೂ ಕೇಳಿ. ದೇಶದೊಳಗಿನ ಟಿಕೆಟಿಗೆ ಸಾಮಾನ್ಯವಾಗಿ ತಮ್ಮದೇ ವಿಮಾನಕ್ಕೆ ಹಾಕಲು ನೋಡುತ್ತಾರೆ. ಆದರೂ ಕೇಳುವುದಕ್ಕೆ ಅಡ್ಡಿಯಿಲ್ಲ.

ಒಪ್ಪಿದ ಮೇಲೆ ಹೊಸ ಟಿಕೆಟಿನಲ್ಲಿ ಮೂರು ವಿಷಯ ನೋಡಿ. ದಿನಾಂಕ ಸರಿಯಿದೆಯಾ? ಮಧ್ಯರಾತ್ರಿ ದಾಟಿದ ವಿಮಾನಗಳಲ್ಲಿ ಇದು ತಪ್ಪುತ್ತದೆ. ಟರ್ಮಿನಲ್ ಯಾವುದು? ಬೆಂಗಳೂರಿನಲ್ಲಿ ಒಂದು ಮತ್ತು ಎರಡನೇ ಟರ್ಮಿನಲ್ ಬೇರೆ ಬೇರೆ ಕಟ್ಟಡ. ನೀವು ದುಡ್ಡು ಕೊಟ್ಟು ತೆಗೆದುಕೊಂಡ ಸೀಟು, ಊಟ, ಹೆಚ್ಚುವರಿ ಬ್ಯಾಗ್ ಹೊಸ ಟಿಕೆಟಿಗೆ ಬಂದಿದೆಯಾ? ಬಂದಿಲ್ಲದಿದ್ದರೆ ಅದರ ಹಣ ವಾಪಸ್ ಕೇಳಿ.

ಹೋಗಿ ಬರುವ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಇನ್ನೊಂದು ಮಾತು. ಹೋಗುವ ವಿಮಾನ ರದ್ದಾಯಿತು ಅಂತ ಸುಮ್ನೆ ರೈಲಿನಲ್ಲಿ ಹೋಗಿಬಿಟ್ಟರೆ, ಬರುವ ಟಿಕೆಟ್ ತಾನಾಗಿಯೇ ರದ್ದಾಗಿರಬಹುದು. ಹೊರಡುವ ಮುಂಚೆಯೇ 'ವಾಪಸ್ ಬರುವ ಟಿಕೆಟ್ ಉಳಿಸಿ' ಅಥವಾ 'ಎರಡಕ್ಕೂ ರೀಫಂಡ್ ಕೊಡಿ' ಅಂತ ಸ್ಪಷ್ಟವಾಗಿ ಹೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ನಿಲ್ದಾಣಕ್ಕೆ ಬಂದ ಮೇಲೆ ರದ್ದಾದರೆ

ಕಾಯುವ ಹೊತ್ತಿಗೆ ತಕ್ಕಂತೆ ಊಟ, ತಿಂಡಿ ಕೊಡಬೇಕು. ಕೇಳದೆ ಕೊಡುವುದು ಅಪರೂಪ. ಕೇಳಿ.

ಕೆಲವೊಮ್ಮೆ ರದ್ದು ಅಂತ ಹೇಳದೆ ಒಂದು ಗಂಟೆ, ಇನ್ನೊಂದು ಗಂಟೆ ಅಂತ ಮುಂದೂಡುತ್ತಲೇ ಹೋಗುತ್ತಾರೆ. ದೇಶದೊಳಗಿನ ವಿಮಾನ ಆರು ಗಂಟೆಗಿಂತ ತಡವಾಗುವುದಾದರೆ ಬೇರೆ ವಿಮಾನ ಅಥವಾ ಪೂರ್ತಿ ರೀಫಂಡ್ ಕೇಳುವ ಹಕ್ಕು ನಿಮಗಿದೆ. ತಡ 24 ಗಂಟೆ ದಾಟಿದರೆ, ಅಥವಾ ರಾತ್ರಿ 8ರಿಂದ ಬೆಳಗಿನ ಜಾವ 3ರ ನಡುವೆ ಹೊರಡಬೇಕಿದ್ದ ವಿಮಾನ ಆರು ಗಂಟೆಗಿಂತ ತಡವಾದರೆ ಹೋಟೆಲ್ ರೂಮು, ಅಲ್ಲಿಗೆ ಹೋಗಿ ಬರುವ ವಾಹನ ಎರಡೂ ಉಚಿತ. ರಾತ್ರಿ ವಿಮಾನ ರದ್ದಾಗಿ ಮಾರನೇ ದಿನದ್ದು ಕೊಟ್ಟರೂ ರೂಮು ಕೇಳಿ. ಕೊಡದೇ ಹೋದರೆ ನೀವೇ ಮಾಡಿಕೊಂಡ ಖರ್ಚಿನ ಬಿಲ್ ಇಟ್ಟುಕೊಳ್ಳಿ.

ಬ್ಯಾಗ್ ಚೆಕ್-ಇನ್ ಆಗಿದ್ದರೆ ಅದು ಕೈಗೆ ಬರದೆ ಮನೆಗೆ ಹೊರಡಬೇಡಿ. ಸೆಕ್ಯುರಿಟಿ ದಾಟಿದವರು ತಾವಾಗಿ ಹೊರಗೆ ಬರಲು ಆಗುವುದಿಲ್ಲ. ಸಂಸ್ಥೆಯ ಸಿಬ್ಬಂದಿಯೇ ಕರೆದುಕೊಂಡು ಬರಬೇಕು. ಬ್ಯಾಗ್ ಯಾವ ಬೆಲ್ಟಿಗೆ ಬರುತ್ತದೆ ಅಂತ ಅವರನ್ನೇ ಕೇಳಿ. ಸಿಗದಿದ್ದರೆ ಅಲ್ಲೇ ಪ್ರಾಪರ್ಟಿ ಇರ್ರೆಗ್ಯುಲಾರಿಟಿ ರಿಪೋರ್ಟ್, ಅಂದರೆ ಬ್ಯಾಗ್ ಸಿಕ್ಕಿಲ್ಲ ಅನ್ನುವ ದೂರು ಬರೆಸಿ ಪ್ರತಿ ಪಡೆಯಿರಿ. ಬೋರ್ಡಿಂಗ್ ಪಾಸ್, ಬ್ಯಾಗಿನ ಟ್ಯಾಗ್ ಬಿಸಾಡಬೇಡಿ. ಔಷಧಿ, ದಾಖಲೆ, ಚಾರ್ಜರ್ ಯಾವಾಗಲೂ ಕೈಚೀಲದಲ್ಲೇ ಇರಲಿ.

ದುಡ್ಡು ಯಾವಾಗ, ಹೇಗೆ ಬರಬೇಕು

ಸಂಸ್ಥೆಯಿಂದಲೇ ಕ್ರೆಡಿಟ್ ಕಾರ್ಡಿನಲ್ಲಿ ತೆಗೆದ ಟಿಕೆಟಿಗೆ ಏಳು ದಿನದೊಳಗೆ ರೀಫಂಡ್ ಆಗಬೇಕು. ನಗದು ಕೊಟ್ಟು ತೆಗೆದಿದ್ದರೆ, ತೆಗೆದ ಕಚೇರಿಯಲ್ಲೇ ಕೂಡಲೇ ಕೊಡಬೇಕು. ಏಜೆಂಟ್ ಅಥವಾ ಬುಕಿಂಗ್ ಆ್ಯಪ್ ಮೂಲಕ ಆಗಿದ್ದರೆ ಜಾಸ್ತಿ ಸಮಯ ಹಿಡಿಯುತ್ತದೆ. ಆದರೂ ಹೊಣೆ ವಿಮಾನ ಸಂಸ್ಥೆಯದೇ, ಏಕೆಂದರೆ ಏಜೆಂಟ್ ಅವರ ಪ್ರತಿನಿಧಿ. 'ನಾವು ಏಜೆಂಟಿಗೆ ಕಳಿಸಿದ್ದೀವಿ', 'ನಮಗೆ ಏರ್‌ಲೈನ್‌ನಿಂದ ಬಂದಿಲ್ಲ' ಅಂತ ಇಬ್ಬರೂ ನಿಮ್ಮನ್ನು ಓಡಾಡಿಸಿದರೆ, ಒಂದೇ ಇ-ಮೇಲ್‌ನಲ್ಲಿ ಇಬ್ಬರನ್ನೂ ಸೇರಿಸಿ ಬರೆಯಿರಿ.

ಕ್ರೆಡಿಟ್ ಶೆಲ್ ಅನ್ನುವುದು ಹಣವನ್ನು ಸಂಸ್ಥೆಯಲ್ಲೇ ಇಟ್ಟುಕೊಂಡು ಮುಂದಿನ ಪ್ರಯಾಣಕ್ಕೆ ಬಳಸಿ ಅನ್ನುವ ವ್ಯವಸ್ಥೆ. ಇದನ್ನು ಆರಿಸುವುದು ಪ್ರಯಾಣಿಕರ ಇಷ್ಟ, ಸಂಸ್ಥೆ ತಾನಾಗಿಯೇ ಹಾಕುವಂತಿಲ್ಲ ಅಂತ ಡಿಜಿಸಿಎ ನಿಯಮದಲ್ಲೇ ಇದೆ. ನಾನಂತೂ ಬೇಡ ಅನ್ನುತ್ತೇನೆ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇನಲ್ಲಿ ಹಾರಾಟ ನಿಲ್ಲಿಸಿದವು. ಅಂಥ ಸಂಸ್ಥೆಯಲ್ಲಿ ಉಳಿದ ದುಡ್ಡಿಗೆ ಅದಕ್ಕೆ ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಬುಕ್ ಮಾಡುವಾಗಲೇ ನೋಡಿಕೊಳ್ಳಬೇಕಾದ್ದು ಒಂದಿದೆ. ಟಿಕೆಟಿನಲ್ಲಿ ನಿಮ್ಮದೇ ಫೋನ್ ನಂಬರ್, ಇ-ಮೇಲ್ ಇರಲಿ. ಊರಿನ ಟ್ರಾವೆಲ್ಸ್‌ನವರು ಎಷ್ಟೋ ಸಲ ತಮ್ಮ ನಂಬರ್ ಹಾಕಿರುತ್ತಾರೆ. ರದ್ದಾದ ಮೆಸೇಜ್ ಅವರಿಗೆ ಹೋಗುತ್ತದೆ, ನೀವು ನಿಲ್ದಾಣದಲ್ಲಿ ನಿಂತಿರುತ್ತೀರಿ. ಸಂಪರ್ಕ ವಿವರ ಸರಿಯಾಗಿ ಕೊಟ್ಟಿಲ್ಲದಿದ್ದರೆ ಪರಿಹಾರ ಇಲ್ಲ ಅಂತ ನಿಯಮವೇ ಹೇಳುತ್ತದೆ.

ಅಪ್ಪ ಅಮ್ಮ ವಿದೇಶಕ್ಕೆ ಹೊರಟಿದ್ದರೆ

ಮಕ್ಕಳು ಅಮೆರಿಕದಲ್ಲೋ ಜರ್ಮನಿಯಲ್ಲೋ ಕೂತು ಟಿಕೆಟ್ ತೆಗೆದಿರುತ್ತಾರೆ, ಪ್ರಯಾಣ ಮಾಡುವವರು ಮೈಸೂರಿನ ಅಪ್ಪ ಅಮ್ಮ. ಮೊದಲ ಮಾತು, ಪೂರ್ತಿ ಪ್ರಯಾಣ ಒಂದೇ ಟಿಕೆಟಿನಲ್ಲಿರಲಿ. ನಾಲ್ಕು ಸಾವಿರ ಉಳಿಯುತ್ತದೆ ಅಂತ ಹುಬ್ಬಳ್ಳಿ–ಬೆಂಗಳೂರು ಒಂದು, ಬೆಂಗಳೂರು–ಫ್ರಾಂಕ್‌ಫರ್ಟ್ ಇನ್ನೊಂದು ಅಂತ ಬೇರೆ ಬೇರೆ ತೆಗೆದರೆ, ಮೊದಲನೆಯದು ರದ್ದಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆಯಲ್ಲ.

ಯುರೋಪಿನ ನಿಯಮ ನಮ್ಮದಕ್ಕಿಂತ ಗಟ್ಟಿ. ಅದರ ಹೆಸರು ಇಯು 261. ಯುರೋಪಿಯನ್ ಯೂನಿಯನ್ ದೇಶದಿಂದ ಹೊರಡುವ ಯಾವುದೇ ಸಂಸ್ಥೆಯ ವಿಮಾನಕ್ಕೂ ಇದು ಅನ್ವಯ. ಅಲ್ಲಿಗೆ ಹೋಗುವಾಗ ಮಾತ್ರ ಹಾರಿಸುವ ಸಂಸ್ಥೆ ಯುರೋಪಿನದೇ ಆಗಿರಬೇಕು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಲುಫ್ತಾನ್ಸಾದಲ್ಲಿ ಹೋದರೆ ಇದೆ, ದೆಹಲಿಯಿಂದ ಏರ್ ಇಂಡಿಯಾದಲ್ಲಿ ಹೋದರೆ ಇಲ್ಲ. ವಾಪಸ್ ಬರುವಾಗ ಎರಡಕ್ಕೂ ಇದೆ. 14 ದಿನದೊಳಗೆ ತಿಳಿಸಿ ರದ್ದು ಮಾಡಿದರೆ ದೂರಕ್ಕೆ ತಕ್ಕಂತೆ ಒಬ್ಬರಿಗೆ 250, 400 ಅಥವಾ 600 ಯುರೋ. ಭಾರತದಷ್ಟು ದೂರಕ್ಕೆ ಸಾಮಾನ್ಯವಾಗಿ 600. ಕೊಟ್ಟ ಬದಲಿ ವಿಮಾನ ಹೆಚ್ಚು ತಡವಿಲ್ಲದೆ ತಲುಪಿಸಿದರೆ ಇದು ಕಡಿಮೆಯಾಗಬಹುದು, ಇಲ್ಲದೆಯೂ ಹೋಗಬಹುದು. ಕೈಮೀರಿದ ಕಾರಣವಿದ್ದರೆ ಪರಿಹಾರ ಇಲ್ಲ, ಆದರೆ ಊಟ ಮತ್ತು ಹೋಟೆಲ್ ಆಗಲೂ ಕೊಡಲೇಬೇಕು. ಬ್ರಿಟನ್ನಿನದೂ ಹೆಚ್ಚು ಕಡಿಮೆ ಇದೇ ನಿಯಮ, ಮೊತ್ತ ಪೌಂಡಿನಲ್ಲಿ. ಕೋಡ್‌ಶೇರ್ ಟಿಕೆಟಿನಲ್ಲಿ, ಅಂದರೆ ಒಂದು ಸಂಸ್ಥೆ ಮಾರಿ ಇನ್ನೊಂದು ಸಂಸ್ಥೆ ಹಾರಿಸುವ ಟಿಕೆಟಿನಲ್ಲಿ, ಹೆಸರು ಯಾರದ್ದೇ ಇರಲಿ, ವಿಮಾನ ಹಾರಿಸುವವರು ಯಾರು ಅನ್ನುವುದೇ ಲೆಕ್ಕ.

ಅಮೆರಿಕದಲ್ಲಿ ಕಡ್ಡಾಯ ಪರಿಹಾರ ಇಲ್ಲ. ಆದರೆ ವಿಮಾನ ರದ್ದಾಗಿ ನೀವು ಬದಲಿ ಬೇಡ ಅಂದರೆ, ಅಮೆರಿಕಕ್ಕೆ ಹೋಗುವ ಅಥವಾ ಅಲ್ಲಿಂದ ಹೊರಡುವ ಯಾವ ಸಂಸ್ಥೆಯೇ ಆಗಲಿ ಹಣವನ್ನೇ ವಾಪಸ್ ಕೊಡಬೇಕು, ಬಲವಂತದ ವೋಚರ್ ಇಲ್ಲ. ಕ್ರೆಡಿಟ್ ಕಾರ್ಡಿಗೆ ಏಳು ಕೆಲಸದ ದಿನಗಳೊಳಗೆ.

ಪ್ರಯಾಣಿಸುವ ಹಿರಿಯರ ಕೈಯಲ್ಲಿ ಒಂದು ಹಾಳೆ ಕೊಡಿ. ಪಿಎನ್‌ಆರ್, ಕೊನೆಯ ಊರು, ಮಕ್ಕಳ ಫೋನ್ ನಂಬರ್, ತಿನ್ನುವ ಮಾತ್ರೆಗಳ ಹೆಸರು, 'ವಿಮಾನ ರದ್ದಾದರೆ ದಯವಿಟ್ಟು ಈ ನಂಬರಿಗೆ ಕರೆ ಮಾಡಿ, ಇವರಿಗೆ ವೀಲ್‌ಚೇರ್ ಬೇಕು' ಅನ್ನುವ ಸಾಲು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ. ಬದಲಿ ಟಿಕೆಟ್ ಯಾವುದು ಅಂತ ಮಕ್ಕಳು ಒಪ್ಪುವವರೆಗೆ ಅವರು ಯಾವುದಕ್ಕೂ ಸಹಿ ಹಾಕದಿರಲಿ.

ಕೊಡದೇ ಹೋದರೆ

ಮೊದಲು ಸಂಸ್ಥೆಗೆ ಇ-ಮೇಲ್ ಬರೆಯಿರಿ. ಉದ್ದ ಬೇಡ, ಸಿಟ್ಟು ಬೇಡ. ಹೀಗಿದ್ದರೆ ಸಾಕು:

'ನನ್ನ ಪಿಎನ್‌ಆರ್ ಇದು. ಇಂಥ ದಿನಾಂಕದ ಇಂಥ ವಿಮಾನ ರದ್ದಾಗಿದೆ ಎಂದು ಹೊರಡುವ ಒಂಬತ್ತು ಗಂಟೆ ಮೊದಲು ಮೆಸೇಜ್ ಬಂದಿದೆ, ಪ್ರತಿ ಲಗತ್ತಿಸಿದ್ದೇನೆ. ನೀವು ಕೊಟ್ಟ ಬದಲಿ ವಿಮಾನ ನನಗೆ ಒಪ್ಪಿಗೆಯಿಲ್ಲ. ಸೆಕ್ಷನ್ 3, ಸೀರೀಸ್ ಎಂ, ಪಾರ್ಟ್ 4ರ ಪ್ರಕಾರ 6,300 ರೂಪಾಯಿ ರೀಫಂಡ್ ಮತ್ತು 5,100 ರೂಪಾಯಿ ಪರಿಹಾರ ಕೊಡಿ. ಕೊಡುವುದಿಲ್ಲವಾದರೆ ರದ್ದಾದ ಕಾರಣವನ್ನು ಬರಹದಲ್ಲಿ ತಿಳಿಸಿ.'

ಉತ್ತರ ಬರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ಅದೇ ಸಂಸ್ಥೆಯಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ, ಆಮೇಲೆ ಅವರ ಮೇಲಿನ ಅಪೆಲೇಟ್ ಅಥಾರಿಟಿಗೆ ಬರೆಯಿರಿ. ಇವರ ವಿವರ ಸಂಸ್ಥೆಯ ವೆಬ್‌ಸೈಟಿನಲ್ಲಿ ಇರುತ್ತದೆ, ಸಾಮಾನ್ಯವಾಗಿ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ. ಜೊತೆಗೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್ ಅಥವಾ ಆ್ಯಪ್‌ನಲ್ಲಿ ದೂರು ದಾಖಲಿಸಿ. ದೂರು ಸಂಸ್ಥೆಗೇ ಹೋದರೂ, ಸಚಿವಾಲಯದ ಪೋರ್ಟಲ್‌ನಲ್ಲಿ ದಾಖಲಾಗಿರುವುದರಿಂದ ಉತ್ತರ ಬರುವ ಸಾಧ್ಯತೆ ಹೆಚ್ಚು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ದಾರಿ ಜಿಲ್ಲಾ ಗ್ರಾಹಕ ಆಯೋಗ. ಇಲ್ಲಿಗೆ ಹೋಗಲು ಹೆದರುವವರೇ ಜಾಸ್ತಿ, ಹೆದರುವಂಥದ್ದು ಏನೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸಂಸ್ಥೆಯ ಕಚೇರಿ ಗುರುಗ್ರಾಮದಲ್ಲಿದ್ದರೂ ದಾವಣಗೆರೆಯವರು ದಾವಣಗೆರೆಯಲ್ಲೇ ಕೊಡಬಹುದು. ವಕೀಲರು ಕಡ್ಡಾಯವಲ್ಲ. ಟಿಕೆಟಿಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಡಿಜಿಸಿಎ ನಿಯಮದಲ್ಲಿ ಇಲ್ಲದ ನಷ್ಟ, ಅಂದರೆ ಕೈಬಿಟ್ಟುಹೋದ ಹೋಟೆಲ್ ಬುಕಿಂಗ್, ದುಬಾರಿ ಟ್ಯಾಕ್ಸಿ, ಅನುಭವಿಸಿದ ತೊಂದರೆ, ಇವನ್ನೆಲ್ಲ ಕೇಳಲು ಇರುವ ಜಾಗ ಇದೇ. ಗಡುವು ಎರಡು ವರ್ಷ. ಸಲ್ಲಿಸುವಾಗ ಟಿಕೆಟಿನ ಇನ್‌ವಾಯ್ಸ್, ರದ್ದಾದ ಮೆಸೇಜಿನ ಸ್ಕ್ರೀನ್‌ಶಾಟ್, ಇ-ಮೇಲ್‌ಗಳು, ಏರ್‌ಸೇವಾ ದೂರಿನ ಸಂಖ್ಯೆ, ಖರ್ಚಿನ ಬಿಲ್‌ಗಳು, ಇಷ್ಟನ್ನು ದಿನಾಂಕದ ಕ್ರಮದಲ್ಲಿ ಒಂದೇ ಪಿಡಿಎಫ್ ಮಾಡಿ ಲಗತ್ತಿಸಿ.